ಸ್ಪೋರ್ಟ್ಸ್ ವಾಚಿಗೆ ಪ್ರೈವೆಸಿ ಗಾರ್ಡ್: ಗೆರೆ ಯಾವ ದಿಕ್ಕಿಗಿದೆ ಎಂದು ನೋಡಿ ಕೊಳ್ಳಿ

ಒಟಿಪಿ, ಬ್ಯಾಂಕಿನ ಸಂದೇಶ, ಮನೆಯವರ ವಾಟ್ಸ್‌ಆ್ಯಪ್ ಮಾತು ಎಲ್ಲವೂ ಈಗ ಮಣಿಕಟ್ಟಿನ ಮೇಲೂ ಮಿನುಗುವುದರಿಂದ, ಮೆಟ್ರೊದಲ್ಲಿ ಪಕ್ಕಕ್ಕೆ ನಿಂತವರ ಕಣ್ಣಿಗೆ ಅವು ಬೀಳದಿರಲೆಂದು ವಾಚಿಗೂ ಪ್ರೈವೆಸಿ ಗಾರ್ಡ್, ಅಂದರೆ ಓರೆಯಿಂದ ನೋಡಿದವರಿಗೆ ಪರದೆ ಕಪ್ಪಾಗಿ ಕಾಣುವಂತೆ ಮಾಡುವ ಪದರವನ್ನು, ಹಾಕಿಸುವವರಿದ್ದಾರೆ. ಮೊಬೈಲಿನ ಗಾರ್ಡನ್ನು ಆರಿಸುವ ಲೆಕ್ಕದಲ್ಲೇ ವಾಚಿನದನ್ನೂ ಆರಿಸಿ, ಎರಡೇ ದಿನಕ್ಕೆ ಕಿತ್ತು ಬಿಸಾಡಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಆ ಸಾಲಿನಲ್ಲಿ ಮೊದಲಿಗ ನಾನೇ. ಮೊಬೈಲನ್ನು ನಾವು ಮುಖಕ್ಕೆ ನೇರವಾಗಿ ಹಿಡಿದು ಓದುತ್ತೇವೆ. ಓಡುವಾಗ ವಾಚನ್ನು ಹಾಗೆ ಹಿಡಿದು ಓದುವವರು ಯಾರೂ ಇಲ್ಲ, ಎಡವುವುದೆಲ್ಲ ಅಲ್ಲಿಯೇ.

ದುಡ್ಡು ಬಿಚ್ಚುವ ಮೊದಲು

ನಿಮ್ಮ ಚಿಂತೆ ಬರೀ ಸಂದೇಶಗಳದ್ದಾದರೆ ಗಾರ್ಡಿನ ಅಗತ್ಯವೇ ಇಲ್ಲ. ಆಪಲ್ ವಾಚಿನ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ, ಪರದೆಯನ್ನು ಮುಟ್ಟುವವರೆಗೆ ಸಂದೇಶದ ಪೂರ್ತಿ ಒಕ್ಕಣೆ ಕಾಣದಂತೆ ಮಾಡುವ ಆಯ್ಕೆಯಿದೆ. ಗಾರ್ಮಿನ್‌ನ ಹಲವು ವಾಚುಗಳಲ್ಲಿ ಪ್ರೈವೆಸಿ ಎಂಬ ಹೆಸರಿನಲ್ಲೇ ಇಂಥ ಆಯ್ಕೆ ಸಿಗುತ್ತದೆ. ಮೊದಲು ಅದನ್ನು ಹಾಕಿಕೊಂಡು ಒಂದು ವಾರ ಓಡಾಡಿ. ಅಷ್ಟಾದ ಮೇಲೂ ಎದೆಬಡಿತ, ವೇಗ, ನಕ್ಷೆ ಇತ್ಯಾದಿ ಅಕ್ಕಪಕ್ಕದವರಿಗೆ ಕಾಣುವುದು ಬೇಡವೆನಿಸಿದರೆ ಮಾತ್ರ ಅಂಗಡಿಗೆ ಹೋಗಿ.

ಪರದೆಯ ಜಾತಿ ತಿಳಿಯಿರಿ

ಸ್ಪೋರ್ಟ್ಸ್ ವಾಚುಗಳ ಪರದೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಆಪಲ್ ವಾಚ್, ಗಾರ್ಮಿನ್ ಫೋರ್‌ರನ್ನರ್ 265 ಮತ್ತು 965 ಮೊದಲಾದವುಗಳ ಒಎಲ್‌ಇಡಿ ಪರದೆ ತಾನೇ ಬೆಳಕು ಚೆಲ್ಲುತ್ತದೆ. ಫೋರ್‌ರನ್ನರ್ 255 ಮತ್ತು 955, ಇನ್‌ಸ್ಟಿಂಕ್ಟ್ 2, ಕೋರೋಸ್ ಪೇಸ್ 3 ಇಂಥವುಗಳಲ್ಲಿರುವ ಎಂಐಪಿ (ಮೆಮೊರಿ ಇನ್ ಪಿಕ್ಸೆಲ್) ಪರದೆಯಾದರೋ ಹೊರಗಿನ ಬೆಳಕನ್ನೇ ಹಿಂದಿರುಗಿಸಿ ತನ್ನನ್ನು ಓದಿಸಿಕೊಳ್ಳುತ್ತದೆ. ಗುರುತು ಹಿಡಿಯುವುದು ಸುಲಭ: ಮಧ್ಯಾಹ್ನದ ಬಿಸಿಲಿಗೆ ಹಿಡಿದಷ್ಟೂ ಅಕ್ಷರಗಳು ಸ್ಪಷ್ಟವಾಗುತ್ತಾ ಹೋದರೆ ಅದು ಎಂಐಪಿ.

ಎಂಐಪಿ ಪರದೆಗೆ ಪ್ರೈವೆಸಿ ಗಾರ್ಡನ್ನು ಹಾಕಲೇಬೇಡಿ. ಒಎಲ್‌ಇಡಿಯಲ್ಲಿ ಬೆಳಕು ಗಾರ್ಡನ್ನು ದಾಟುವುದು ಹೊರಬರುವಾಗ ಒಂದೇ ಸಲ. ಎಂಐಪಿಯಲ್ಲಿ ಒಳಹೋಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ ದಾಟಬೇಕಾಗುವುದರಿಂದ ನಷ್ಟವೂ ಎರಡು ಸಲ ಆಗುತ್ತದೆ. ಪಕ್ಕದಿಂದ ಓರೆಯಾಗಿ ಬೀಳುವ ಬಿಸಿಲನ್ನಂತೂ ಗಾರ್ಡ್ ಒಳಗೇ ಬಿಡುವುದಿಲ್ಲವಾದ್ದರಿಂದ, ಇಂಥ ವಾಚನ್ನು ಕೊಂಡದ್ದು ಯಾವ ಗುಣಕ್ಕಾಗಿಯೋ ಅದನ್ನೇ ಮುಚ್ಚಿದಂತಾಗುತ್ತದೆ. ಸೋಲಾರ್ ಚಾರ್ಜಿಂಗ್ ಇರುವ ಮಾದರಿಗಳಲ್ಲಿ ಬಿಸಿಲಿನ ಚಾರ್ಜೂ ಕುಗ್ಗುತ್ತದೆ.

ಅಳತೆ ಮತ್ತು ವಸ್ತು

ಪೊಟ್ಟಣದ ಮೇಲೆ 46 ಮಿಲಿಮೀಟರ್ ಎಂದು ಬರೆದಿರುವುದು ಸಾಮಾನ್ಯವಾಗಿ ವಾಚಿನ ಹೊರಮೈಯ ಅಳತೆಯೇ ಹೊರತು ಗಾಜಿನದಲ್ಲ. ಫೋರ್‌ರನ್ನರ್ 265ರ ಹೊರಮೈ 46 ಮಿಲಿಮೀಟರ್ ಇದ್ದರೂ ಬೆಳಗುವ ಪರದೆ 1.3 ಇಂಚು, ಅಂದರೆ ಸುಮಾರು 33 ಮಿಲಿಮೀಟರ್ ಮಾತ್ರ. ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್ ಸಿಕ್ಕರೆ ಗಾಜಿನ ಸಮತಟ್ಟಾದ ಭಾಗವನ್ನಷ್ಟೇ ಅಳೆದು, ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದ ಗಾರ್ಡನ್ನು ಕೇಳಿ. ಅಂಚಿನ ಇಳಿಜಾರಿಗೆ ತಾಗಿದ ಗಾರ್ಡ್ ಒಂದಲ್ಲ ಒಂದು ದಿನ ಏಳುತ್ತದೆ.

ಗಾಜು ಪೂರ್ತಿ ಸಮತಟ್ಟಾಗಿದ್ದರೆ ಟೆಂಪರ್ಡ್ ಗ್ಲಾಸ್, ಆಪಲ್ ವಾಚಿನ ಸಾಮಾನ್ಯ ಮಾದರಿಗಳಂತೆ ಅಂಚು ಬಾಗಿದ್ದರೆ ಮೆತ್ತನೆಯ ಫಿಲ್ಮ್, ಇಷ್ಟು ಸಾಕು. 9ಎಚ್ ಎಂಬ ಮುದ್ರೆಗೆ ಮರುಳಾಗಬೇಕಿಲ್ಲ. ಅದು ಪೆನ್ಸಿಲ್ಲಿನಿಂದ ಗೀಚಿ ನೋಡುವ ಪರೀಕ್ಷೆಯ ಅಂಕಿಯೇ ಹೊರತು ನೀಲಮಣಿಗೆ 9 ಅಂಕ ಕೊಡುವ, ಖನಿಜಗಳ ಗಡಸುತನದ ಮೋಸ್ (Mohs) ಮಾಪನದ್ದಲ್ಲ; ರಸ್ತೆಯ ಮರಳಿನ ಕಣ ಈ ಗಾಜನ್ನು ಧಾರಾಳವಾಗಿ ಗೀಚುತ್ತದೆ. ಅಂಚಿಗೆ ಮಾತ್ರ ಅಂಟು ಬಳಿದ ಗಾರ್ಡನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ನಡುವೆ ಉಳಿಯುವ ಗಾಳಿಯಿಂದಾಗಿ ಬೆವರಿದ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ.

ಇನ್ನೊಂದು ಮೋಸವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರೈವೆಸಿ ಎಂಬ ಹೆಸರಿನಲ್ಲಿ ಬರೀ ಕಪ್ಪು ಬಣ್ಣದ ಫಿಲ್ಮನ್ನು ಮಾರುವವರೂ ಇದ್ದಾರೆ. ಮೊಬೈಲಿನಲ್ಲಿ ಬಿಳಿ ಪುಟವೊಂದನ್ನು ತೆರೆದು, ಗಾರ್ಡನ್ನು ಸುಲಿಯದೆ ಅದರ ಮೇಲಿಟ್ಟು ನಿಧಾನವಾಗಿ ಎಡಬಲಕ್ಕೂ ಹಿಂದೆಮುಂದಕ್ಕೂ ಓರೆ ಮಾಡಿ: ಅಸಲಿಯಾದರೆ ಒಂದು ದಿಕ್ಕಿನಲ್ಲಾದರೂ ಸುಮಾರು 30 ಡಿಗ್ರಿ ದಾಟುತ್ತಲೇ ಕತ್ತಲೆ ಕವಿಯುತ್ತದೆ, ನಕಲಿಯಾದರೆ ಎದುರಿನಿಂದಲೂ ಓರೆಯಿಂದಲೂ ಒಂದೇ ಸಮ ಮಂಕಾಗಿ ಕಾಣುತ್ತದೆ.

ಎಲ್ಲರೂ ತಪ್ಪುವುದು ಇಲ್ಲಿ: ಗೆರೆಗಳ ದಿಕ್ಕು

ಪ್ರೈವೆಸಿ ಗಾರ್ಡಿನೊಳಗೆ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಪುರವಾದ ಕಪ್ಪು ಗೆರೆಗಳು, ಅಂದರೆ ಪುಟ್ಟ ಗೋಡೆಗಳು, ಒಂದರ ಪಕ್ಕದಲ್ಲೊಂದು ಸಾಲಾಗಿ ನಿಂತಿರುತ್ತವೆ. ಅಡಿಕೆ ತೋಟದಲ್ಲಿ ಎರಡು ಸಾಲುಗಳ ನಡುವೆ ನಿಂತರೆ ಆಚೆ ತುದಿಯ ಬೇಲಿಯವರೆಗೂ ಕಾಣುತ್ತದೆ, ಒಂದಿಷ್ಟು ಓರೆಯಾಗಿ ನೋಡಿದರೆ ಮರಗಳು ಒಂದಕ್ಕೊಂದು ಅಡ್ಡವಾಗಿ ಗೋಡೆ ಕಟ್ಟಿಬಿಡುತ್ತವೆ. ಇಲ್ಲಿ ನಡೆಯುವುದೂ ಅದೇ. ಗೋಡೆಗಳು ಒಂದೇ ದಿಕ್ಕಿಗಿದ್ದರೆ ಅದು ಎರಡು ಬದಿಯ ಗಾರ್ಡ್: ಗೋಡೆಗೆ ಅಡ್ಡಲಾಗಿ ಓರೆಮಾಡಿ ನೋಡಿದರೆ ಕಪ್ಪು, ಗೋಡೆಯ ಉದ್ದಕ್ಕೆ ಎಷ್ಟೇ ಓರೆಮಾಡಿದರೂ ಬಿಚ್ಚುನೋಟ. ಎರಡೂ ದಿಕ್ಕಿಗೆ ಗೋಡೆಗಳಿದ್ದರೆ ನಾಲ್ಕು ಬದಿಯ ಗಾರ್ಡ್. ಓಡುವವರು ನಾಲ್ಕು ಬದಿಯದನ್ನು ಕೊಳ್ಳಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ, ಏಕೆಂದರೆ ದಮ್ಮು ಕಟ್ಟಿ ಓಡುತ್ತಿರುವಾಗ ಮುಂಗೈಯನ್ನು ಎರಡೂ ದಿಕ್ಕಿನಲ್ಲಿ ಕರಾರುವಾಕ್ಕಾಗಿ ಕಣ್ಣಿಗೆ ನೇರ ತರುವುದು ಆಗುವ ಮಾತಲ್ಲ.

ಈಗ ನಿಮ್ಮ ಕೈಯನ್ನೇ ನೋಡಿಕೊಳ್ಳಿ. ವಾಚಿನ 12ರಿಂದ 6ರ ಗೆರೆ ಬೆಲ್ಟಿನ ಗುಂಟ ಸಾಗುತ್ತದೆ, 3ರಿಂದ 9ರ ಗೆರೆ ಮುಂಗೈಯ ಗುಂಟ. ಸಮಯ ನೋಡಲು ಮುಂಗೈಯನ್ನು ಎದೆಗೆ ಅಡ್ಡವಾಗಿ ತಂದಾಗ ಮಣಿಕಟ್ಟನ್ನು ಪೂರ್ತಿ ತಿರುಗಿಸುವಷ್ಟು ತಾಳ್ಮೆ ಓಟಗಾರರಿಗೆ ಇರುವುದಿಲ್ಲ. ಅರ್ಧ ತಿರುಗಿಸಿ, 6ರ ಕಡೆಯಿಂದ ಓರೆಗಣ್ಣಿನಲ್ಲಿ ಓದಿಬಿಡುತ್ತಾರೆ. ಆದ್ದರಿಂದ 12–6ರ ದಿಕ್ಕಿನ ನೋಟ ನಿಮಗೆ ಮುಕ್ತವಾಗಿರಲೇಬೇಕು. ಅಕ್ಕಪಕ್ಕದಲ್ಲಿ ನಿಂತವರು ನೋಡುವುದು 3 ಮತ್ತು 9ರ ಕಡೆಗಳಿಂದ, ಮುಚ್ಚಬೇಕಾದ್ದು ಆ ದಿಕ್ಕು. ಅಂದರೆ ಗಾರ್ಡಿನೊಳಗಿನ ಗೋಡೆಗಳು ಮೇಲಿನ ಬೆಲ್ಟಿನಿಂದ ಕೆಳಗಿನ ಬೆಲ್ಟಿಗೆ ಗೆರೆ ಎಳೆದಂತೆ ಇರಬೇಕು.

ಮೊಬೈಲ್ ಅಂಗಡಿಯೊಂದರಲ್ಲಿ ಯಂತ್ರಕ್ಕೆ ಹಾಳೆ ಕೊಟ್ಟು ನನ್ನ ಗುಂಡು ವಾಚಿನ ಅಳತೆಗೆ ಗಾರ್ಡ್ ಕತ್ತರಿಸಿದ ಹುಡುಗ, ಅದನ್ನು ಹೇಗೆ ಬಂತೋ ಹಾಗೆ ಅಂಟಿಸಿಬಿಟ್ಟಿದ್ದ. ಗುಂಡಗಿರುವುದಕ್ಕೆ ದಿಕ್ಕೇನು ಎಂದು ನಾನೂ ಸುಮ್ಮನಿದ್ದೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುತ್ತಾ ಕೈ ನೋಡಿಕೊಂಡರೆ ಕಪ್ಪು ಬಿಲ್ಲೆಯೊಂದು ಬಿಟ್ಟರೆ ಬೇರೇನೂ ಇಲ್ಲ. ಪಕ್ಕದಲ್ಲಿ ಓಡುತ್ತಿದ್ದ ಗೆಳೆಯ ಬಗ್ಗಿ ನೋಡಿ, ‘ಆರು ಇಪ್ಪತ್ತಿದೆ ಕಣಯ್ಯಾ, ಸ್ವಲ್ಪ ಎಳಿ’ ಎಂದು ಕಿಲೋಮೀಟರಿಗೆ ಇಷ್ಟು ನಿಮಿಷ, ಇಷ್ಟು ಸೆಕೆಂಡು ಎಂಬ ನನ್ನ ವೇಗವನ್ನು ನನಗೇ ಓದಿ ಹೇಳಿದ. ಗೋಡೆಗಳು ಸರಿಯಾಗಿ 90 ಡಿಗ್ರಿ ತಿರುಗಿ ಕೂತಿದ್ದವು.

ಇದನ್ನು ತಪ್ಪಿಸುವ ಉಪಾಯ ಸುಲಭ. ಗಾರ್ಡನ್ನು ಮೊಬೈಲಿನ ಬಿಳಿ ಪುಟದ ಮೇಲಿಟ್ಟು ಎಡಬಲಕ್ಕೆ ವಾಲಿಸಿ, ಆಮೇಲೆ ಹಿಂದೆಮುಂದೆ ವಾಲಿಸಿ. ಎಡಬಲಕ್ಕೆ ವಾಲಿಸಿದಾಗ ಕಪ್ಪಾಗಿ, ಹಿಂದೆಮುಂದೆ ವಾಲಿಸಿದಾಗ ಬೆಳ್ಳಗೇ ಉಳಿಯುವವರೆಗೆ ಗಾರ್ಡನ್ನು ತಿರುಗಿಸುತ್ತಾ ಹೋಗಿ, ಆಗ ಮೇಲ್ತುದಿಯಾಗಿರುವ ಜಾಗದಲ್ಲಿ ಮೇಲ್ಪದರದ ಪ್ಲಾಸ್ಟಿಕ್ ಮೇಲೆ ಮಾರ್ಕರಿನಿಂದ ಚುಕ್ಕೆ ಇಡಿ. ಅಂಟಿಸುವಾಗ ಆ ಚುಕ್ಕೆ 12ರ ನೇರಕ್ಕೆ ಬರಬೇಕು. ಪರದೆಯ ಮೇಲೆ ಅಲೆ ಅಲೆಯಾದ ಪಟ್ಟೆಗಳು ಕಂಡರೆ ಚುಕ್ಕೆಯನ್ನು ನಾಲ್ಕೈದು ಡಿಗ್ರಿ ಪಕ್ಕಕ್ಕೆ ಸರಿಸಿ. ಗೋಡೆಗಳೂ ಪರದೆಯ ಬಿಂದುಗಳ ಸಾಲೂ ಒಂದರ ಮೇಲೊಂದು ಬಂದಾಗ ಹಾಗಾಗುತ್ತದೆ. ಗುಂಡು ವಾಚಿಗೆ ಈ ಅನುಕೂಲವಿದೆ, ಚೌಕದ ವಾಚಿಗಿಲ್ಲ. ಚೌಕದ್ದಕ್ಕೆ ಹಾಳೆಯಿಂದ ಕತ್ತರಿಸಿಕೊಡುವುದಾದರೆ ಯಂತ್ರಕ್ಕೆ ಕೊಡುವ ಮೊದಲೇ ಹಾಳೆಯನ್ನು ವಾಲಿಸಿ ನೋಡಿ, ದಿಕ್ಕು ತಪ್ಪಿದ್ದರೆ ಅಡ್ಡಕ್ಕೆ ಇಟ್ಟು ಕತ್ತರಿಸಲು ಹೇಳಬೇಕು. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ದಿಕ್ಕು ಸರಿಯಿದ್ದರೂ ಗಾರ್ಡ್ ಎಲ್ಲ ಕಡೆಯೂ ಕಾಯುವುದಿಲ್ಲ. ವಾಚಿನಿಂದ 40 ಸೆಂಟಿಮೀಟರ್ ಎತ್ತರದಲ್ಲಿ ನಿಮ್ಮ ಕಣ್ಣಿದೆ ಎಂದುಕೊಂಡರೆ, ಅಷ್ಟೇ ಎತ್ತರದಲ್ಲಿ ಅರ್ಧ ಮೀಟರ್ ಪಕ್ಕಕ್ಕಿರುವ ಕಣ್ಣಿಗೆ ವಾಚು 50 ಡಿಗ್ರಿಗೂ ಹೆಚ್ಚು ಓರೆಯಾಗುವುದರಿಂದ ಏನೂ ಕಾಣದು. ಆದರೆ ಬೆನ್ನ ಹಿಂದಿನಿಂದ ಹೆಗಲ ಮೇಲೆ ಇಣುಕುವವರು ಹೆಚ್ಚುಕಡಿಮೆ ನಿಮ್ಮ ನೇರದಲ್ಲೇ ಇರುವುದರಿಂದ ಅವರಿಗೆ ಎಲ್ಲವೂ ಕಾಣುತ್ತದೆ. ಮೆಟ್ರೊದಲ್ಲಿ ಮೇಲಿನ ಹಿಡಿಕೆಯನ್ನು ಹಿಡಿದು ನಿಂತಾಗ ಮುಂಗೈ ನೆಟ್ಟಗಾಗಿ, ಮುಚ್ಚಿದ ದಿಕ್ಕು ಮೇಲೆಕೆಳಗಾಗಿ, ಅಕ್ಕಪಕ್ಕ ಬಯಲಾಗುತ್ತದೆ. ಸೈಕಲ್ ತುಳಿಯುವವರಿಗೆ ಇನ್ನೊಂದು ತೊಡಕು: ಹ್ಯಾಂಡಲ್ ಹಿಡಿದ ಮುಂಗೈ ಮುಂದಕ್ಕೆ ಚಾಚಿರುವುದರಿಂದ, ಎಡಗೈ ವಾಚನ್ನು ಅವರು ನೋಡುವುದು 9ರ ಕಡೆಯಿಂದ, ಅಂದರೆ ನಾವೇ ಮುಚ್ಚಿಸಿದ ದಿಕ್ಕಿನಿಂದ. ಅವರು ವಾಚನ್ನು ಹ್ಯಾಂಡಲಿಗೆ ಕಟ್ಟಿಕೊಳ್ಳಬೇಕು, ಇಲ್ಲವೇ ಈ ಗಾರ್ಡಿನ ಆಸೆಯನ್ನು ಬಿಡಬೇಕು.

ಅಂಟಿಸುವುದು

ಬಿಸಿನೀರು ಬಿಟ್ಟು ಸ್ನಾನದ ಮನೆಯ ಧೂಳು ಕೂರುವಂತೆ ಮಾಡಿ, ಗಾಜನ್ನು ಒರೆಸಿ, ಸ್ಟಿಕರಿನಿಂದ ಕಣಗಳನ್ನು ಎತ್ತಿ, ಚುಕ್ಕೆಯನ್ನು 12ಕ್ಕೆ ಹಿಡಿದು ಒಂದು ಅಂಚಿನಿಂದ ಇಳಿಸುತ್ತಾ ಹೋಗಿ. ಪಕ್ಕದಲ್ಲಿರುವ ಗಾಳಿಯೊತ್ತಡದ ಸಂವೇದಕದ ರಂಧ್ರವನ್ನು ಮುಚ್ಚಬೇಡಿ. ಎದೆಬಡಿತದ ಸಂವೇದಕ ಹಿಂಬದಿಯಲ್ಲಿರುವುದರಿಂದ ಅದಕ್ಕೆ ತೊಂದರೆಯಿಲ್ಲ.

ಬಿಸಿಲಿನಲ್ಲಿ ಒಮ್ಮೆ, ನೀವು ಹಾಕುವ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಇನ್ನೊಮ್ಮೆ ನೋಡಿ. ಪೋಲರೈಸ್ಡ್ ಕನ್ನಡಕವಾದರೆ ಕೆಲವು ಫಿಲ್ಮುಗಳು ಕಾಮನಬಿಲ್ಲಿನ ಬಣ್ಣ ತೋರಿಸುತ್ತವೆ. ಬೆಳಕನ್ನು ಅಳೆಯುವ ಸಂವೇದಕ ಪರದೆಯ ಗಾಜಿನಡಿಯೇ ಇರುವ ವಾಚು, ಕತ್ತಲಾಗಿದೆ ಎಂದು ಭ್ರಮಿಸಿ ತನ್ನನ್ನು ತಾನೇ ಮಂಕಾಗಿಸಿಕೊಳ್ಳಬಹುದು. ಆಗ ಹೊಳಪನ್ನು ಕೈಯಾರೆ ಏರಿಸಬೇಕು, ಬ್ಯಾಟರಿ ಬೇಗ ಇಳಿಯುವುದನ್ನು ಒಪ್ಪಿಕೊಳ್ಳಬೇಕು.

ಈಜುಕೊಳಕ್ಕೆ ಇಳಿಯುವುದಿದ್ದರೆ ಒಂದು ದಿನ ತಡೆಯಿರಿ. ಅಂಚು ಏಳತೊಡಗಿದ ದಿನವೇ ಕಿತ್ತು ಹೊಸದನ್ನು ಹಾಕಿ, ಏಕೆಂದರೆ ಎದ್ದ ಅಂಚಿನಡಿ ಬೆವರಿನ ಉಪ್ಪೂ ಸನ್‌ಸ್ಕ್ರೀನೂ ಸೇರಿ ಬಿಳಿ ಗೆರೆ ಕಟ್ಟುತ್ತವೆ, ಎಷ್ಟು ಒತ್ತಿದರೂ ಅದು ಮತ್ತೆ ಕೂರುವುದಿಲ್ಲ. ಜೋಡಿ ಪೊಟ್ಟಣ ಕೊಂಡಿದ್ದರೆ ಎರಡನೆಯದನ್ನೂ ಬಿಳಿ ಪುಟದ ಮೇಲೆ ವಾಲಿಸಿ ನೋಡಿ ಬೇರೆಯೇ ಚುಕ್ಕೆ ಇಡಿ. ಗುಂಡು ಗಾರ್ಡುಗಳು ಪೊಟ್ಟಣದೊಳಗೆ ಯಾವ ದಿಕ್ಕಿಗೆ ತಿರುಗಿ ಕೂತಿರುತ್ತವೆ ಎಂಬುದಕ್ಕೆ ಖಾತರಿಯಿಲ್ಲ.