ಕಾಣದ ಕಡತ ಅಳಿಯದು: ಬೇರೆಯವರ ಸ್ಕ್ರಿಪ್ಟ್ ಓಡಿಸುವಾಗ ನಾನು ಕಟ್ಟಿದ ಬೇಲಿ

ನಾನು ನೋಡಿಕೊಳ್ಳುತ್ತಿರುವ ಉಪಕರಣವು, ಬಳಕೆದಾರರು ಬೇರೆಯವರಿಂದ ಪಡೆದ ಸ್ಕ್ರಿಪ್ಟ್‌ಗಳನ್ನು ಅವರದೇ ಲಿನಕ್ಸ್ ಯಂತ್ರದಲ್ಲಿ ಓಡಿಸುತ್ತದೆ. ಸುಮಾರು ನಾಲ್ಕು ವರ್ಷಗಳ ಹಿಂದೆ, ಹಾಗೆ ಓಡಿದ ಒಂದು ಶೆಲ್ ಸ್ಕ್ರಿಪ್ಟ್‌ನಿಂದ ಗ್ರಾಹಕರೊಬ್ಬರ ಹದಿನಾಲ್ಕು ಸಾವಿರದಷ್ಟು ಕಡತಗಳು ಅಳಿದುಹೋದವು. ಕೊನೆಯ ಸಾಲಿನಲ್ಲಿ ತಾತ್ಕಾಲಿಕ ಫೋಲ್ಡರ್ ಅನ್ನು ತೆರವುಗೊಳಿಸುವ ಆರ್‌ಎಂ ಆದೇಶವಿತ್ತು. ಫೋಲ್ಡರ್‌ನ ಹೆಸರು ಇರಬೇಕಿದ್ದ ವೇರಿಯಬಲ್ ಖಾಲಿಯಾಗಿದ್ದರಿಂದ ಒಂದು ಓರೆಗೆರೆ ಮತ್ತು ಒಂದು ನಕ್ಷತ್ರ ಚಿಹ್ನೆ ಮಾತ್ರ ಉಳಿದವು. ಓರೆಗೆರೆ ಸೂಚಿಸುವ, ಎಲ್ಲ ಫೋಲ್ಡರ್‌ಗಳಿಗೂ ಮೇಲಿನ ರೂಟ್ ಅನ್ನು ಕಾಪಾಡಲು ಆರ್‌ಎಂನಲ್ಲೇ ಇರುವ ರಕ್ಷಣೆ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ನಕ್ಷತ್ರವನ್ನು ಶೆಲ್ ಮೊದಲೇ ಬಿಡಿಸಿ, ರೂಟ್‌ನ ಒಳಗಿರುವ ಒಂದೊಂದು ಫೋಲ್ಡರ್‌ನ ಹೆಸರನ್ನೂ ಆರ್‌ಎಂನ ಕೈಗೆ ಕೊಟ್ಟಿರುತ್ತದೆ. ಸಿಸ್ಟಂನ ಕಡತಗಳು ಅನುಮತಿಯ ಕಾರಣದಿಂದ ಉಳಿದುಕೊಂಡವು. ಮತ್ತೆ ಇನ್‌ಸ್ಟಾಲ್ ಮಾಡಿದರೆ ಬರುತ್ತಿದ್ದದ್ದೆಲ್ಲ ಉಳಿಯಿತು, ಮತ್ತೆ ಎಲ್ಲಿಯೂ ಸಿಗದಂಥದ್ದು ಹೋಯಿತು. ಡೇಟಾ ಮರಳಿ ಪಡೆಯುವ ಖರ್ಚನ್ನು ನಾನೇ ಭರಿಸಿದೆ. ಉಪಕರಣದ ಎರಡು ತಿಂಗಳ ಗಳಿಕೆ ಅದಕ್ಕೇ ಸರಿಹೋಯಿತು, ಮತ್ತು ಕಡತಗಳಲ್ಲಿ ಅರ್ಧದಷ್ಟೂ ಸಿಗಲಿಲ್ಲ.

ಮೊದಲು ಮಾಡಿದ್ದು ಸ್ಕ್ರಿಪ್ಟ್‌ನ ಪಠ್ಯವನ್ನೇ ಓದಿ ಅಪಾಯದ ಆದೇಶಗಳನ್ನು ಹುಡುಕುವ ಕೆಲಸ. ಎರಡು ವಾರ ಕೂತು ಬರೆದ ಆ ಪಟ್ಟಿ, ಆದೇಶವನ್ನು ತುಂಡುತುಂಡಾಗಿ ಜೋಡಿಸಿ, ಪಠ್ಯವನ್ನೇ ಆದೇಶವಾಗಿ ಓಡಿಸುವ ಇವಾಲ್‌ಗೆ ಕೊಡುವ ಒಂದೇ ಸಾಲಿನ ಮುಂದೆ ನಿಲ್ಲಲಿಲ್ಲ. ಪೈಥಾನ್ ಸ್ಕ್ರಿಪ್ಟ್‌ಗಳಿಗಾಗಿ, ಭಾಷೆಯಲ್ಲೇ ಸಿದ್ಧವಾಗಿರುವ ಬಿಲ್ಟ್‌ಇನ್‌ಗಳನ್ನು ಕಿತ್ತುಹಾಕಿ ನೋಡಿದೆ. ಖಾಲಿ ಟ್ಯೂಪಲ್‌ನಿಂದ ಅದರ ಕ್ಲಾಸ್‌ಗೆ, ಅಲ್ಲಿಂದ ಮೂಲ ಆಬ್ಜೆಕ್ಟ್‌ಗೆ, ಅಲ್ಲಿಂದ ಅದರ ಸಬ್‌ಕ್ಲಾಸ್‌ಗಳ ಪಟ್ಟಿಗೆ ಹೋದರೆ, ಕಿತ್ತುಹಾಕಿದ್ದೆಲ್ಲ ಹಿಂಬಾಗಿಲಿನಿಂದ ಮತ್ತೆ ಕೈಗೆ ಬರುತ್ತದೆ. ಪೈಥಾನ್‌ನವರೇ ಇಂಥದೇ ಬೇಲಿಯಾಗಿದ್ದ ತಮ್ಮ ರೆಕ್ಸೆಕ್ ಮಾಡ್ಯೂಲ್ ಅನ್ನು 2003ರ 2.3 ಆವೃತ್ತಿಯಲ್ಲಿ ನಿಷ್ಕ್ರಿಯಗೊಳಿಸಿದ್ದರು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ವಿಎಂ ಮಾಡ್ಯೂಲ್ ಭದ್ರತೆಯ ಸಾಧನವಲ್ಲ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಅದರ ಮೇಲೆ ಕಟ್ಟಿದ ವಿಎಂ2 ಯೋಜನೆಯನ್ನು, ತಪ್ಪಿಸಿಕೊಳ್ಳುವ ದಾರಿಗಳು ಮೇಲಿಂದ ಮೇಲೆ ಬಯಲಾದ ಕಾರಣ, 2023ರಲ್ಲಿ ನಿಲ್ಲಿಸುವುದಾಗಿ ಘೋಷಿಸಲಾಯಿತು. ಭಾಷೆಯ ಒಳಗಿನಿಂದಲೇ ಬೇಲಿ ಹಾಕುವ ಆಸೆಯನ್ನು ನಾನು ಅಲ್ಲಿಗೇ ಬಿಟ್ಟೆ. ಪ್ರೋಗ್ರಾಂ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಸಲ್ಲಿಸುವ ಕೋರಿಕೆಗಳನ್ನು, ಅಂದರೆ ಸಿಸ್ಟಂ ಕಾಲ್‌ಗಳನ್ನು, ಸೋಸುವ ಸೆಕ್‌ಕಾಂಪ್ ಫಿಲ್ಟರ್‌ಗೆ ಸಿಸ್ಟಂ ಕಾಲ್‌ನ ಸಂಖ್ಯೆ ಮತ್ತು ಆರ್ಗ್ಯುಮೆಂಟ್‌ಗಳ ಮೌಲ್ಯ ಕಾಣುತ್ತವೆಯೇ ಹೊರತು ಪಾಯಿಂಟರ್ (ನೆನಪಿನ ವಿಳಾಸ) ತೋರಿಸುವ ಕಡತದ ಹೆಸರು ಕಾಣುವುದಿಲ್ಲವಾದ್ದರಿಂದ, ಯಾವ ಕಡತ ಎಂಬುದೇ ಮುಖ್ಯವಾದ ನನ್ನ ಕೆಲಸಕ್ಕೆ ಅದೊಂದೇ ಸಾಲಲಿಲ್ಲ.

ಹಣ ಹೆಚ್ಚು ಹೋದದ್ದು ಇದರ ಮುಂದಿನ ಪ್ರಯತ್ನದಲ್ಲಿ. ಸ್ಕ್ರಿಪ್ಟ್‌ಗಳನ್ನು ಬಾಡಿಗೆಯ ವರ್ಚುವಲ್ ಯಂತ್ರಗಳಲ್ಲಿ ಓಡಿಸಿ ಫಲಿತಾಂಶವನ್ನು ಹಿಂದಿರುಗಿಸುವ ವ್ಯವಸ್ಥೆಯನ್ನು ಏಳು ತಿಂಗಳು ನಡೆಸಿದೆ. ಗಳಿಕೆಯ ಮೂರರಲ್ಲಿ ಒಂದು ಪಾಲು ಬಾಡಿಗೆಗೇ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ತಮ್ಮ ಕಡತಗಳನ್ನು ಎಲ್ಲಿಗೋ ಕಳುಹಿಸಲು ಬಳಕೆದಾರರು ಒಪ್ಪಲಿಲ್ಲ, ಮತ್ತು ಅವರ ಮಾತು ನ್ಯಾಯವಾಗಿಯೇ ಇತ್ತು. ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಡಾಕರ್ ಕಂಟೈನರ್‌ಗಳನ್ನು ಅವರ ಯಂತ್ರದಲ್ಲೇ ಓಡಿಸೋಣವೆಂದರೆ, ಬಳಕೆದಾರರನ್ನು ಡಾಕರ್ ಗುಂಪಿಗೆ ಸೇರಿಸುವುದು ಅವರಿಗೆ ಯಂತ್ರದ ಮೇಲಿನ ಸಂಪೂರ್ಣ ಅಧಿಕಾರವಾದ ರೂಟ್ ಅಧಿಕಾರವನ್ನೇ ಕೊಟ್ಟಂತಾಗುತ್ತದೆ.

ಕೊನೆಗೆ ನಾನು ಹಿಡಿದ ದಾರಿ, ಆಯ್ದ ಕಡತಗಳನ್ನಷ್ಟೇ ತೋರಿಸಿ ಪ್ರೋಗ್ರಾಂ ಓಡಿಸುವ ಸಾಧನವಾದ ಬಬಲ್‌ರ‍್ಯಾಪ್. ಜೊತೆಗಾರರು, ವರ್ಚುವಲ್ ಯಂತ್ರವಿಲ್ಲದೆ ಇದು ನಿಲ್ಲುವುದಿಲ್ಲ ಎಂದೇ ವಾದಿಸಿದರು. ಕರ್ನಲ್‌ನ ದೋಷವನ್ನೇ ಬಳಸಿ ನುಗ್ಗುವವರ ಮಟ್ಟಿಗೆ ಅವರ ಮಾತನ್ನು ಈಗಲೂ ಒಪ್ಪುತ್ತೇನೆ. ಆದರೆ ನನಗೆ ಬೇಕಾಗಿದ್ದುದು ಕಡತಗಳ ರಕ್ಷಣೆ. ಸ್ಕ್ರಿಪ್ಟ್ ಏನು ಮಾಡಬಾರದು ಎಂದು ಪಟ್ಟಿ ಮಾಡುವುದನ್ನು ಬಿಟ್ಟು, ಅದರ ಕಣ್ಣಿಗೆ ಏನು ಬೀಳಬೇಕು ಎಂಬುದನ್ನು ಮಾತ್ರ ನಿರ್ಧರಿಸಿದೆ. ಸಾಮಾನ್ಯ ಬಳಕೆದಾರರೂ ಯೂಸರ್ ನೇಮ್‌ಸ್ಪೇಸ್ (ತನ್ನದೇ ಅಧಿಕಾರಗಳಿರುವ ಪ್ರತ್ಯೇಕ ಆವರಣ) ತೆರೆಯಬಹುದಾದದ್ದು 2013ರ 3.8 ಕರ್ನಲ್‌ನಿಂದ. ಅದರೊಳಗೆ ನೆನಪಿನಲ್ಲೇ ಇರುವ ಖಾಲಿ ಕಡತ ವ್ಯವಸ್ಥೆಯಾದ ಟೆಂಪ್‌ಎಫ್‌ಎಸ್ ಅನ್ನೇ ರೂಟ್ ಆಗಿಸಿ, ಸಿಸ್ಟಂನ ಪ್ರೋಗ್ರಾಂಗಳಿರುವ ಯುಎಸ್‌ಆರ್ ಫೋಲ್ಡರ್ ಅನ್ನು ಓದಲು ಮಾತ್ರ ಬೈಂಡ್ ಮಾಡಿ, ಬಳಕೆದಾರರು ತೋರಿಸಿದ ಒಂದು ಕೆಲಸದ ಫೋಲ್ಡರ್ ಅನ್ನು ಸೇರಿಸಿದೆ. ಬಳಕೆದಾರರ ಸ್ವಂತ ಕಡತಗಳಿರುವ ಹೋಮ್ ಡೈರೆಕ್ಟರಿ ಅಲ್ಲಿಲ್ಲ. ಇಲ್ಲದ್ದನ್ನು ಅಳಿಸುವ ಪ್ರಶ್ನೆಯೂ ಇಲ್ಲ. ಆರಂಭಕ್ಕೆ ತಗಲುವ ಸಮಯ ನನ್ನ ಯಂತ್ರದಲ್ಲಿ ಹತ್ತು ಮಿಲಿಸೆಕೆಂಡ್‌ನ ಆಸುಪಾಸು.

ಇಷ್ಟರಲ್ಲೇ ಮುಗಿಯಲಿಲ್ಲ. ಕಡತಗಳು ಮರೆಯಾದರೂ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿದ್ದ ಕೀಲಿಗಳು ಒಳಗೆ ಬರುತ್ತಿದ್ದವು, ಅವನ್ನೆಲ್ಲ ಅಳಿಸಿದೆ. ನೆಟ್‌ವರ್ಕ್ ನೇಮ್‌ಸ್ಪೇಸ್ ಬೇರ್ಪಡಿಸುವವರೆಗೆ ಪ್ರೋಗ್ರಾಂಗಳು ಕಡತವಿಲ್ಲದೆಯೇ ಮಾತಾಡಿಕೊಳ್ಳುವ ಅಬ್‌ಸ್ಟ್ರಾಕ್ಟ್ ಸಾಕೆಟ್‌ಗಳು ತೆರೆದೇ ಇದ್ದವು. ಹೊಸ ಸೆಷನ್ ಮಾಡದಿದ್ದರೆ ಒಳಗಿನ ಸ್ಕ್ರಿಪ್ಟ್ ಹೊರಗಿನ ಟರ್ಮಿನಲ್‌ಗೆ ತಾನೇ ಅಕ್ಷರಗಳನ್ನು ತಳ್ಳಬಲ್ಲದು ಎಂಬುದನ್ನು ಬಬಲ್‌ರ‍್ಯಾಪ್‌ನ ಕೈಪಿಡಿಯಲ್ಲಿ ಎರಡನೇ ಬಾರಿ ಓದುವಾಗ ಗಮನಿಸಿದೆ.

ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಕೆಲಸದ ಫೋಲ್ಡರ್. ಅದರೊಳಗೆ ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್ ರೆಪೊ ಇದ್ದರೆ, ಸ್ಕ್ರಿಪ್ಟ್ ಹುಕ್ಸ್ ಫೋಲ್ಡರ್‌ನಲ್ಲಿ ಪ್ರಿ-ಕಮಿಟ್ ಎಂಬ ಕಡತವನ್ನು ಬರೆದಿಟ್ಟು ಸದ್ದಿಲ್ಲದೆ ಮುಗಿಯಬಹುದು. ಮರುದಿನ ಬಳಕೆದಾರರು ಕಮಿಟ್ ಮಾಡಿದಾಗ ಅದು ಬೇಲಿಯ ಹೊರಗೆ, ಪೂರ್ಣ ಅಧಿಕಾರದೊಂದಿಗೆ ಓಡುತ್ತದೆ. ಆದ್ದರಿಂದ ಕೆಲಸದ ಫೋಲ್ಡರ್ ಮೇಲೆ ಓವರ್‌ಲೇ, ಅಂದರೆ ಬದಲಾವಣೆಗಳನ್ನು ಹಿಡಿದಿಡುವ ಪದರ, ಹಾಕಿದೆ. ಸಾಮಾನ್ಯ ಬಳಕೆದಾರರ ನೇಮ್‌ಸ್ಪೇಸ್‌ನಲ್ಲಿ ಅದನ್ನು ಮೌಂಟ್ ಮಾಡಲು 2021ರ 5.11 ಕರ್ನಲ್ ಬೇಕು. ಅದಕ್ಕಿಂತ ಹಳೆಯದಿದ್ದರೆ ಫೋಲ್ಡರ್‌ನ ಪ್ರತಿಯನ್ನೇ ಕೊಡುತ್ತೇನೆ. ಈಗ ಸ್ಕ್ರಿಪ್ಟ್ ಬರೆದದ್ದೆಲ್ಲ ಮೇಲಿನ ಪದರದಲ್ಲಿ ನಿಲ್ಲುತ್ತದೆ, ಬಳಕೆದಾರರು ನೋಡಿ ಒಪ್ಪಿದರೆ ಮಾತ್ರ ನಿಜವಾದ ಫೋಲ್ಡರ್‌ಗೆ ಇಳಿಯುತ್ತದೆ. ಸಾವಿರಾರು ಬದಲಾವಣೆಗಳಲ್ಲಿ ಯಾವುದನ್ನು ಮೊದಲು ಕಣ್ಣಿಗೆ ಕಾಣುವಂತೆ ಮೇಲೆ ತರಬೇಕು ಎಂಬುದಕ್ಕೆ ನಾನು ಕಂಡುಕೊಂಡ ಲೆಕ್ಕಾಚಾರವೊಂದಿದೆ. ಅದು ನನ್ನ ಅನ್ನದ ದಾರಿಯಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಈ ಪದರವನ್ನು ಓದುವ ನನ್ನ ಕೋಡ್ ಎರಡು ಸಲ ತಪ್ಪಿತು. ಅಳಿಸಿದ ಕಡತವನ್ನು ಓವರ್‌ಲೇ 0/0 ಸಂಖ್ಯೆಯ ಕ್ಯಾರೆಕ್ಟರ್ ಡಿವೈಸ್ ಆಗಿ ಗುರುತಿಸುತ್ತದೆ, ಅದು ನನಗೆ ತಿಳಿದಿತ್ತು. ಆದರೆ ಒಂದು ಫೋಲ್ಡರ್ ಅನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ, ಅದರ ಮೇಲೆ ಅಪಾರದರ್ಶಕ ಎಂಬ ಗುರುತು ಮಾತ್ರ ಬೀಳುತ್ತದೆ. ಅದನ್ನು ನೋಡದ ನನ್ನ ಕೋಡ್, ಒಳಗಿನ ಹಳೆಯ ಕಡತಗಳೆಲ್ಲ ಹಾಗೆಯೇ ಇವೆ ಎಂದು ತೋರಿಸುತ್ತಿತ್ತು. ಎರಡನೆಯದು ಇನ್ನೂ ಕೆಟ್ಟದ್ದು. ಸ್ಕ್ರಿಪ್ಟ್ ಬಿಟ್ಟುಹೋದ ಸಿಮ್‌ಲಿಂಕ್ ಹೋಮ್ ಡೈರೆಕ್ಟರಿಯ ಕಡೆಗೆ ಕೈ ತೋರಿಸುತ್ತಿತ್ತು; ಬದಲಾವಣೆಗಳನ್ನು ಇಳಿಸುವ ಕೋಡ್ ಬೇಲಿಯ ಹೊರಗೆ ಓಡುವುದರಿಂದ, ಅದೇ ಆ ಲಿಂಕ್ ಹಿಡಿದು ಹೊರಗಿನ ಕಡತವನ್ನು ತಿದ್ದಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ನನ್ನ ಪರೀಕ್ಷಾ ಯಂತ್ರದಲ್ಲೇ ಆದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. 2020ರ 5.6 ಕರ್ನಲ್‌ನಲ್ಲಿ ಬಂದ ಓಪನ್‌ಆಟ್2 ಕಾಲ್‌ಗೆ ರಿಸಾಲ್ವ್-ಬಿನೀತ್ ಗುರುತು ಕೊಟ್ಟರೆ, ಕೊಟ್ಟ ಫೋಲ್ಡರ್‌ನ ಹೊರಗೆ ಹೋಗುವ ಯಾವ ದಾರಿಯನ್ನೂ ಕರ್ನಲ್ ತೆರೆಯುವುದಿಲ್ಲ. ಈಗ ಇಳಿಸುವ ಪ್ರತಿ ಕಡತವನ್ನೂ ಅದರ ಮೂಲಕವೇ ತೆರೆಯುತ್ತೇನೆ.

ಇದರ ನಡುವೆ ಪ್ರೋಗ್ರಾಂ ಮುಟ್ಟಬಹುದಾದ ಕಡತಗಳನ್ನು ಮಿತಿಗೊಳಿಸುವ, ಕರ್ನಲ್‌ನದೇ ಆದ ಲ್ಯಾಂಡ್‌ಲಾಕ್ ಅನ್ನೂ ಪ್ರಯೋಗಿಸಿದೆ; ಅದು 2021ರ 5.13 ಕರ್ನಲ್‌ನಿಂದ ಇದೆ, ನೇಮ್‌ಸ್ಪೇಸ್ ಬೇಡುವುದಿಲ್ಲ, ಐವತ್ತು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಅದು ಕಡತಗಳನ್ನು ಮರೆಮಾಡುವುದಿಲ್ಲ, ತೆರೆಯಲು ಹೋದಾಗ ನಿರಾಕರಿಸುತ್ತದೆ. ಹೋಮ್ ಡೈರೆಕ್ಟರಿ ಇದೆಯೆಂದು ತಿಳಿದ ಸ್ಕ್ರಿಪ್ಟ್‌ಗಳು ಅನುಮತಿಯ ದೋಷ ಕಂಡು ಅರ್ಧದಲ್ಲೇ ನಿಂತವು. ಎರಡನೇ ಪದರವಾಗಿ ಮಾತ್ರ ಉಳಿಸಿಕೊಂಡಿದ್ದೇನೆ.

ಎರಡು ವರ್ಷಗಳಲ್ಲಿ ನಲವತ್ತು ಸಾವಿರದಷ್ಟು ಸಲ ಸ್ಕ್ರಿಪ್ಟ್‌ಗಳು ಈ ಬೇಲಿಯೊಳಗೆ ಓಡಿರಬೇಕು. ಕಡತ ಕಳೆದುಕೊಂಡೆವೆಂದು ಒಬ್ಬರೂ ಬರೆದಿಲ್ಲ. ಅಂದು ಅನಾಹುತ ಮಾಡಿದ ಸ್ಕ್ರಿಪ್ಟ್ ನನ್ನ ಬಳಿ ಹಾಗೆಯೇ ಇದೆ, ಖಾಲಿ ವೇರಿಯಬಲ್‌ನ ಸಮೇತ. ಪ್ರತಿ ಬಿಡುಗಡೆಗೂ ಮುನ್ನ ಅದನ್ನು ಓಡಿಸಿ, ನಕ್ಷತ್ರ ಚಿಹ್ನೆಯಿಂದ ಬಿಡಿಸಿಕೊಂಡ ಹೆಸರುಗಳನ್ನು ಓದುತ್ತೇನೆ. ಏಳೆಂಟು ಫೋಲ್ಡರ್‌ಗಳು ಬರುತ್ತವೆ. ಹೋಮ್ ಎಂಬುದು ಅವುಗಳಲ್ಲಿ ಇರುವುದಿಲ್ಲ.