ದಾನಿಯೇಲನ ‘ಯತ್ತೀರ್’: ನಾನು ಬಿಡಿಸಿಕೊಂಡ ಬಗೆ

ಬೈಬಲಿನ ಹಳೆಯ ಒಡಂಬಡಿಕೆಯ ಕೆಲವು ಭಾಗಗಳು ಇರುವುದು ಹೀಬ್ರೂವಿಗೆ ಹತ್ತಿರದ ಅರಾಮಿಕ್ ಭಾಷೆಯಲ್ಲಿ. ಅದನ್ನು ಓದುವಾಗ ನಾನು ಜಾಸ್ತಿ ಹೊತ್ತು ಕೂತದ್ದು ‘ಯತ್ತೀರ್’ ಎಂಬ ಗುಣವಾಚಕದ ಮುಂದೆ. ಅರಾಮಿಕ್ ಭಾಗಗಳಲ್ಲಿ ಇದು ಬರುವುದು ದಾನಿಯೇಲನ ಪುಸ್ತಕದಲ್ಲಿ ಮಾತ್ರ, 8 ಸಲ. ಪದಕೋಶದಲ್ಲಿ ‘ಅತಿಶಯವಾದ, ಶ್ರೇಷ್ಠ’ ಎಂಬ ಅರ್ಥವಿದೆ. ‘ಶ್ರೇಷ್ಠ’ ನನಗೆ ಒಪ್ಪಿಗೆಯಾಗಲಿಲ್ಲ. ಉಳಿಯುವುದು, ಮಿಗುವುದು ಎಂಬ ಧಾತುವಿನಿಂದ ಬಂದ ಪದ ಇದು. ಹೊಗಳಿಕೆಗಿಂತ ಅಳತೆ ಮೀರಿದ್ದೇ ಮುಖ್ಯ.

ಎಂಟು ವಚನಗಳನ್ನೂ ಹಾಳೆಯಲ್ಲಿ ಬರೆದು, ಪದ ಯಾವ ನಾಮಪದಕ್ಕೆ ಸೇರುತ್ತದೆ, ಅದರ ಲಿಂಗ ಯಾವುದು ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡೆ. (ವಚನ ಸಂಖ್ಯೆ ನೋಡಿಕೊಳ್ಳಿ: ಮೂಲದ 6:4 ಕನ್ನಡ ಬೈಬಲಿನಲ್ಲಿ 6:3.) ನಮಗೆ ‘ದೊಡ್ಡ ಹುಡುಗ’, ‘ದೊಡ್ಡ ಹುಡುಗಿ’ ಎರಡಕ್ಕೂ ‘ದೊಡ್ಡ’ ಒಂದೇ. ಅಲ್ಲಿ ಹಾಗಿಲ್ಲ. 2:31ರಲ್ಲಿ (2ನೇ ಅಧ್ಯಾಯ, 31ನೇ ವಚನ) ರಾಜನ ಕನಸಿನ ಪ್ರತಿಮೆಯ ಹೊಳಪು, ‘ಜೀವ್’, ಪುಲ್ಲಿಂಗ, ಹಾಗಾಗಿ ‘ಯತ್ತೀರ್’. 5:12ರ ‘ರೂಅಖ್’, ಅಂದರೆ ಆತ್ಮ, ಸ್ತ್ರೀಲಿಂಗ, ಹಾಗಾಗಿ ‘ಯತ್ತೀರಾ’.

ಗಂಟು ಬಿದ್ದದ್ದು 3:22ರಲ್ಲಿ. ದಾನಿಯೇಲನ ಗೆಳೆಯರಾದ ಶದ್ರಕ್, ಮೇಶಕ್, ಅಬೇದ್‌ನೆಗೋ ಅವರನ್ನು ಎಸೆಯುವ ಕುಲುಮೆ ಕಾದಿದೆ: ‘ಅತ್ತೂನಾ ಏಜ಼ೇ ಯತ್ತೀರಾ’. ಕುಲುಮೆ ಪುಲ್ಲಿಂಗ. ‘ಕಾದ’ ಎನ್ನುವ ‘ಏಜ಼ೇ’ ಕೂಡ ಪುಲ್ಲಿಂಗ. ಮತ್ತೆ ‘ಯತ್ತೀರಾ’ ಯಾಕೆ? ಅರಾಮಿಕ್‌ನಲ್ಲಿ ‘ಆ ಇಂಥದ್ದೇ’ ಎಂದು ನಿಶ್ಚಯವಾಗಿ ಹೇಳುವ ಪುಲ್ಲಿಂಗ ರೂಪದ ಕೊನೆಗೂ ‘ಆ’ ಇರುತ್ತದೆ, ‘ಅತ್ತೂನಾ’ದಲ್ಲಿ ಇರುವಂತೆ. ಇದೂ ಅದೇ ಇರಬಹುದಲ್ವಾ? ಆಗಲಿಕ್ಕಿಲ್ಲ. ಪದ ಕುಲುಮೆಗೆ ಅಂಟಿಕೊಂಡಿಲ್ಲ, ‘ಏಜ಼ೇ’ಯ ಹಿಂದೆ ನಿಂತಿದೆ, ಮತ್ತು ‘ಏಜ಼ೇ’ಗೆ ಆ ನಿಶ್ಚಯದ ಕೊನೆಯೇ ಇಲ್ಲ. ಉಳಿದ ದಾರಿ ಒಂದೇ: ಸ್ತ್ರೀಲಿಂಗ ರೂಪ ಕ್ರಿಯಾವಿಶೇಷಣವಾಗಿ ನಿಂತಿದೆ. ‘ಕುಲುಮೆ ಮಿತಿಮೀರಿ ಕಾದಿತ್ತು.’

ಈ ಕೀಲಿ ಸಿಕ್ಕ ಮೇಲೆ 7:7ಕ್ಕೆ ಹೋದೆ. ದಾನಿಯೇಲ ದರ್ಶನದಲ್ಲಿ ಕಂಡ ನಾಲ್ಕನೆಯ ಮೃಗ ‘ತಕ್ಕೀಫಾ ಯತ್ತೀರಾ’. ಮೃಗ ಎಂಬ ಪದ ಸ್ತ್ರೀಲಿಂಗವೇ, ಆದ್ದರಿಂದ ‘ಬಲಿಷ್ಠ, ಅತಿಶಯ’ ಎಂದು ಎರಡು ಗುಣಗಳಾಗಿಯೂ ಓದಬಹುದು. ವ್ಯಾಕರಣ ಅಡ್ಡ ಬರುವುದಿಲ್ಲ. ಆದರೆ ಹಾಗಾಗಿದ್ದರೆ ಮುಂಚಿನ ಗುಣಗಳ ನಡುವೆ ಇರುವ ‘ಮತ್ತು’ ಇಲ್ಲಿಯೂ ಇರಬೇಕಿತ್ತು. ಇಲ್ಲ. ನಾನು ‘ಮಹಾ ಬಲಿಷ್ಠ’ ಎಂದೇ ಬರೆದುಕೊಂಡೆ.

ಎಲ್ಲ ಗುಣವಾಚಕಕ್ಕೂ ಇದೇ ನಿಯಮ ಅಂದುಕೊಳ್ಳಬೇಡಿ. 2:12ರಲ್ಲಿ ರಾಜ ‘ಬಹಳ’ ಸಿಟ್ಟಾಗುತ್ತಾನೆ. ಅಲ್ಲಿನ ‘ಸಗ್ಗೀ’ ಕ್ರಿಯಾವಿಶೇಷಣವೇ, ಆದರೂ ಪುಲ್ಲಿಂಗ ರೂಪದಲ್ಲೇ ಇದೆ.