ಖಾಜಾನ್ ಗದ್ದೆಯಲ್ಲಿ ಅಲಸಂದೆ: ಮೊದಲು ಬೇರು ನೋಡಿ

ನಮ್ಮೂರು ಹಾನಗಲ್ ಕಡೆ. ಈಗ ಗೋವಾದ ದಿವಾಡಿ ದ್ವೀಪದಲ್ಲಿ ಲಾವಣಿಗೆ ಹಿಡಿದ ಖಾಜಾನ್ ಗದ್ದೆಯಲ್ಲಿ ಭತ್ತದ ನಂತರ ಅಲಸಂದೆ ಬೆಳೆಯುತ್ತೇನೆ. ಮಾಂಡವಿ ನದಿಯ ಉಬ್ಬರದ ನೀರನ್ನು ಬದು ಕಟ್ಟಿ ತಡೆದು ಮಾಡಿದ ನೆಲವಿದು. ಮಳೆಗಾಲದಲ್ಲಿ ಉಪ್ಪು ತೊಳೆದುಹೋಗುತ್ತದೆ, ಭತ್ತಕ್ಕೆ ತೊಂದರೆಯಿಲ್ಲ. ಮಳೆ ನಿಂತು ನೆಲ ಒಣಗಿದಂತೆ ಕೆಳಗಿನ ಉಪ್ಪು ನೀರಿನ ಜೊತೆ ಮೇಲೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮಣ್ಣಲ್ಲೇ ಉಳಿಯುತ್ತದೆ.

ಕಾಳು ಬೆಳೆಗೆ ಇದರ ಪೆಟ್ಟು ಜಾಸ್ತಿ. ಮಣ್ಣಲ್ಲಿ ತೇವ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಮೊಳಕೆ ತಡವಾಗುತ್ತದೆ, ಎಲೆಯ ಅಂಚು ಸುಡುತ್ತದೆ, ಹೂ ಉದುರುತ್ತದೆ. ಆದರೆ ಎಲೆ ಸುಡುವುದಕ್ಕೂ ಮೊದಲೇ ಕೆಡುವುದು ಬೇರಿನ ಗಂಟು. ಈ ಗಂಟಿನೊಳಗೆ ಇದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಉಪ್ಪಲ್ಲಿ ಗಿಡಕ್ಕಿಂತ ಚೆನ್ನಾಗಿ ಬದುಕುತ್ತದೆ. ಸೋಲುವುದು ಬೇರಿನ ಕೂದಲು, ಬ್ಯಾಕ್ಟೀರಿಯಾ ಒಳಗೆ ಹೋಗುವ ದಾರಿಯೇ ಅದು. ಗಂಟು ಕಡಿಮೆಯಾದರೆ ಗಾಳಿಯ ಸಾರಜನಕ ಗಿಡಕ್ಕೆ ಸಿಗುವುದಿಲ್ಲ. ಮೇಲೆ ಹಸಿರು ಕಾಣುತ್ತಿರುವಾಗಲೇ ಒಳಗೆ ಹಸಿವು ಶುರುವಾಗಿರುತ್ತದೆ.

ಅಲಸಂದೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮಣ್ಣಿನ ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) ಮೀಟರಿಗೆ ಸುಮಾರು 4.9 ಡೆಸಿಸೀಮನ್ಸ್‌ವರೆಗೂ ಅದರ ಇಳುವರಿ ಇಳಿಯುವುದಿಲ್ಲ. ಬೀನ್ಸ್‌ಗೆ 1 ದಾಟಿದರೇ ಕಷ್ಟ. ಹಾಗಾಗಿ ಬಿತ್ತುವ ಮೊದಲು ಮಣ್ಣನ್ನೂ ಬಾವಿ ನೀರನ್ನೂ ಪರೀಕ್ಷೆ ಮಾಡಿಸುತ್ತೇನೆ. ನೀರೇ ಉಪ್ಪಾಗಿದ್ದರೆ ಮಣ್ಣು ಸರಿ ಮಾಡಿ ಏನು ಪ್ರಯೋಜನ, ಅಲ್ವಾ?

ಭತ್ತ ಕೊಯ್ದ ತಕ್ಷಣ, ತೇವ ಇರುವಾಗಲೇ ಬಿತ್ತುತ್ತೇನೆ. ಬೀಜಕ್ಕೆ ರೈಜೋಬಿಯಂ ಹಚ್ಚಿ ನೆರಳಲ್ಲಿ ಆರಿಸುತ್ತೇನೆ. ಏರು ಮಾಡಿದರೂ ಬೀಜ ಏರಿನ ನೆತ್ತಿಗೆ ಹಾಕುವುದಿಲ್ಲ. ಉಪ್ಪು ಅಲ್ಲೇ ಕೂಡುತ್ತದೆ, ಬೀಜ ಪಕ್ಕದ ಇಳಿಜಾರಿಗೆ. ಮೇಲೆ ಭತ್ತದ ಹುಲ್ಲು ದಪ್ಪಗೆ ಹೊದಿಸುತ್ತೇನೆ. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಈ ಹುಲ್ಲೇ. ಆವಿ ಕಡಿಮೆಯಾದರೆ ಉಪ್ಪು ಮೇಲೇರುವುದೂ ಕಡಿಮೆ. ಸುಮ್ನೆ ಜಿಪ್ಸಂ ಸುರಿಯುವವರನ್ನು ನೋಡಿದರೆ ಬೇಜಾರಾಗುತ್ತದೆ. ಅದು ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರ ಮಣ್ಣಿಗೆ. ಸಮುದ್ರದ ಉಪ್ಪು ಹೋಗಬೇಕಾದರೆ ಸಿಹಿನೀರು ಹರಿದು ಹೊರಗೆ ಹೋಗಲೇಬೇಕು.

ಗಿಡ ತಿಂಗಳಾಗುವಾಗ ಅಲ್ಲಲ್ಲಿ ಒಂದೊಂದನ್ನು ಮಣ್ಣು ಸಮೇತ ಎಬ್ಬಿಸಿ, ಬೇರು ತೊಳೆದು, ಗಂಟು ಸೀಳಿ ನೋಡುತ್ತೇನೆ. ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಬಿಳಿ ಅಥವಾ ಹಸಿರು ಇದ್ದರೆ ಗಂಟನ್ನು ನಂಬಿ ಕಾಯುವುದಿಲ್ಲ. ಹೂ ಬರುವ ಹೊತ್ತಿಗೆ ಶೇಕಡಾ 2ರ ಯೂರಿಯಾ ನೀರನ್ನು ಸಂಜೆ ಹೊತ್ತು ಎಲೆಗೆ ಸಿಂಪಡಿಸುತ್ತೇನೆ.